ಅಳತೆಗೆ ಸಾಕ್ಷಿ: ಮೊಬೈಲ್ ಮ್ಯಾಪಿಂಗ್ ಮತ್ತು ಬೆಣ್ಣಿಹಳ್ಳದ ಸೀಮೆ



ನೆಲವನ್ನು ಅಳೆಯುವ ಕೆಲಸ ನಮ್ಮ ಕಣ್ಣೆದುರಿಗೇ ಬದಲಾಗಿದೆ. ಒಂದು ಕಾಲಕ್ಕೆ ಅಳೆಯುವವನು ಹೊಲಕ್ಕೆ ಬಂದು, ನಿಂತು, ಸರಪಳಿ ಎಳೆಸಿ, ಬರೆದುಕೊಂಡು ಹೋಗುತ್ತಿದ್ದ. ಈಗ ವಾಹನದ ನೆತ್ತಿಯ ಮೇಲೆ ಕೂತ ಯಂತ್ರ ಓಡುತ್ತಲೇ ಅಳೆಯುತ್ತದೆ. ಬೆನ್ನಿಗೆ ಕಟ್ಟಿಕೊಂಡ ಉಪಕರಣ ನಡೆಯುತ್ತಲೇ ಅಳೆಯುತ್ತದೆ. ಡ್ರೋನ್ ಹಾರುತ್ತ ಅಳೆಯುತ್ತದೆ. ಕೈಯಲ್ಲಿರುವ ಫೋನು ಕೂಡ ನಿಂತ ಜಾಗವನ್ನು ದಾಖಲಿಸುತ್ತದೆ. ಹೀಗೆ ಚಲಿಸುತ್ತಲೇ ಸ್ಥಳದ ಮಾಹಿತಿಯನ್ನು ಸಂಗ್ರಹಿಸುವ ವಿಧಾನಕ್ಕೆ ಮೊಬೈಲ್ ಮ್ಯಾಪಿಂಗ್ ಎನ್ನುತ್ತಾರೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಆ ಹೆಸರು ವಾಹನದ ಮೇಲಿನ ಲೇಸರ್ ಮತ್ತು ಕ್ಯಾಮೆರಾ ವ್ಯವಸ್ಥೆಗೆ ಸಲ್ಲುತ್ತದೆ. ಆದರೆ ಫೋನಿನ ಬೆಳೆ ಸಮೀಕ್ಷೆಯೂ ಊರಿನ ಮೇಲೆ ಹಾರುವ ಡ್ರೋನೂ ಅದೇ ಕುಟುಂಬದವು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ನವಲಗುಂದ ತಾಲ್ಲೂಕಿನ ನಮ್ಮ ಯಮನೂರಿಗೆ ಅವುಗಳ ಅರ್ಥವೇನೆಂಬುದು ತಿಳಿಯುತ್ತದೆ.

ನಾನು ಇವತ್ತು ತಮ್ಮ ಮುಂದೆ ಇಡಬಯಸುವ ವಿಚಾರ ಒಂದೇ. ಅಳತೆ ಎಷ್ಟೇ ಸೂಕ್ಷ್ಮವಾಗಿರಲಿ, ಸಾಕ್ಷಿ ಇಲ್ಲದಿದ್ದರೆ ಅದಕ್ಕೆ ಅಧಿಕಾರ ಬರುವುದಿಲ್ಲ. ಹಳೆಯ ಅಳತೆ ನಿಧಾನವಾಗಿತ್ತು. ಆ ನಿಧಾನದಲ್ಲಿಯೇ ಊರಿನವರು ನಿಂತು ನೋಡುವುದಕ್ಕೆ ಅವಕಾಶವಿತ್ತು. ಹೊಸ ಅಳತೆಯ ವೇಗದಲ್ಲಿ ಆ ಅವಕಾಶ ತಾನಾಗಿ ಉಳಿಯುವುದಿಲ್ಲ. ಅದನ್ನು ನಾವು ಬೇಕೆಂದೇ ಮತ್ತೆ ಕಟ್ಟಿಕೊಳ್ಳಬೇಕು.

1. ಸರಪಳಿಯ ಕಾಲದ ಅಳತೆ

ಧಾರವಾಡ ಸೀಮೆಯ ಹೊಲಗಳಿಗೆ ಇಂದಿರುವ ಸರ್ವೆ ನಂಬರಿನ ವ್ಯವಸ್ಥೆ ಮುಂಬಯಿ ಪ್ರಾಂತದ ಕಂದಾಯ ಅಳತೆಯಿಂದ ಬಂದದ್ದು. ಗೋಲ್ಡ್‌ಸ್ಮಿಡ್, ವಿಂಗೇಟ್ ಮತ್ತು ಡೇವಿಡ್‌ಸನ್ ಎಂಬ ಮೂವರು ಅಧಿಕಾರಿಗಳು 1847ರಲ್ಲಿ ಸಲ್ಲಿಸಿದ ಜಂಟಿ ವರದಿ ಆ ಅಳತೆಯ ನಿಯಮಗಳನ್ನು ಗಟ್ಟಿಗೊಳಿಸಿತು. ಆಗಿನ ದಕ್ಷಿಣ ಮರಾಠಾ ಸೀಮೆ, ಅಂದರೆ ನಮ್ಮ ಈ ಭಾಗ, ಆ ಪದ್ಧತಿ ರೂಪುಗೊಂಡ ಪ್ರದೇಶಗಳಲ್ಲಿ ಒಂದು.

ಆ ಅಳತೆಯ ಲೆಕ್ಕ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಇಂದಿಗೂ ನಾವು ಅದರಲ್ಲೇ ಮಾತಾಡುತ್ತೇವೆ. ಸರಪಳಿಯ ಉದ್ದ 33 ಅಡಿ. ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆ ಒಂದು ಎಕರೆ. ಮಣ್ಣಿನ ಗುಣವನ್ನೂ ಆಣೆಯಲ್ಲೇ ಕಟ್ಟುತ್ತಿದ್ದರು. ಮಣ್ಣಿನ ಆಳ, ಬಣ್ಣ, ದೋಷಗಳನ್ನು ನೋಡಿ ಒಂಬತ್ತು ದರ್ಜೆಗಳಲ್ಲಿ ಇಡುತ್ತಿದ್ದರು. ಉತ್ತಮ ಎರಿ, ಅಂದರೆ ಕಪ್ಪು ಮಣ್ಣಿನ, ಹೊಲಕ್ಕೆ 16 ಆಣೆ, ಅಲ್ಲಿಂದ ಕೆಳಗೆ ಒಂದೊಂದೇ ಮೆಟ್ಟಿಲು.

ಅಳತೆಯ ಫಲ ಮೂರು ಕಡೆ ಉಳಿಯುತ್ತಿತ್ತು. ಟಿಪ್ಪಣಿಯಲ್ಲಿ ಹೊಲದ ಆಕಾರ ಮತ್ತು ಉದ್ದಗಲ, ಆಕಾರಬಂದಿನಲ್ಲಿ ಕ್ಷೇತ್ರ ಮತ್ತು ಕಂದಾಯದ ಆಕಾರ, ನೆಲದ ಮೇಲೆ ಬಾಂದುಕಲ್ಲು. ಇವು ಒಂದಕ್ಕೊಂದು ಸಾಕ್ಷಿ. ಕಾಗದ ಹರಿದರೆ ಕಲ್ಲು ಹೇಳುತ್ತಿತ್ತು, ಕಲ್ಲು ಕಿತ್ತರೆ ಕಾಗದ ಹೇಳುತ್ತಿತ್ತು. ಎರಡಕ್ಕಿಂತ ಮಿಗಿಲಾದ ಸಾಕ್ಷಿ ಜನರದ್ದು. ಹದ್ದುಬಸ್ತು, ಅಂದರೆ ಹೊಲದ ಗಡಿ ಗುರುತಿಸುವ ಅಳತೆ, ಮಾಡುವಾಗ ಇಂದಿಗೂ ಆಜುಬಾಜಿನ ಹೊಲದವರಿಗೆ ನೋಟಿಸು ಕೊಡುತ್ತಾರೆ, ಅವರ ಸಮಕ್ಷಮದಲ್ಲಿ ಅಳೆದು ಪಂಚನಾಮೆ ಮಾಡುತ್ತಾರೆ. ಅಳತೆ ನ್ಯಾಯಾಲಯದಲ್ಲಿ ನಿಲ್ಲುವುದು ಸರಪಳಿಯ ಬಲದಿಂದ ಮಾತ್ರವಲ್ಲ, ಆ ಸಹಿಗಳ ಬಲದಿಂದಲೂ.

ಆ ವ್ಯವಸ್ಥೆಗೆ ತನ್ನದೇ ಮಿತಿಗಳಿದ್ದವು. ಅದು ಮೊದಲಿಗೆ ಕಂದಾಯ ವಸೂಲಿಗಾಗಿ ನಡೆದ ಅಳತೆ. ಸಾಗುವಳಿಯ ಹೊಲಕ್ಕೆ ಸಿಕ್ಕ ನಿಖರತೆ ಊರೊಳಗಿನ ಮನೆಗಳಿಗೆ ಸಿಗಲಿಲ್ಲ. ಆ ಮನೆಗಳಿರುವ ಗಾಂವಠಾಣ ನಕಾಶೆಯಲ್ಲಿ ಹೆಚ್ಚಾಗಿ ಒಂದೇ ಗೆರೆಯೊಳಗಿನ ತುಂಡಾಗಿ ಉಳಿಯಿತು. ಇನ್ನು ನಕಾಶೆಯ ಪ್ರಮಾಣವನ್ನು ನೋಡಿ. ನಮ್ಮ ಗ್ರಾಮ ನಕಾಶೆಗಳ ಸಾಮಾನ್ಯ ಪ್ರಮಾಣ 1:7,920. ಅಂದರೆ ಕಾಗದದ ಒಂದು ಇಂಚಿಗೆ ನೆಲದ 20 ಸರಪಳಿ. ಅರ್ಧ ಮಿಲಿಮೀಟರ್ ದಪ್ಪದ ಶಾಯಿಯ ಗೆರೆ ಹೊಲದಲ್ಲಿ ಸುಮಾರು 4 ಮೀಟರ್ ಅಗಲವಾಗುತ್ತದೆ. ಈ ಸಂಖ್ಯೆಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

2. ಚಲಿಸುತ್ತ ಅಳೆಯುವುದು ಹೇಗೆ

ಚಲಿಸುವ ವಾಹನದಿಂದ ಅಳೆಯುವ ಪ್ರಯತ್ನ 1990ರ ದಶಕದ ಆರಂಭದಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಿಪಿಎಸ್ ವ್ಯಾನ್ ಎಂಬ ಹೆಸರಿನಲ್ಲಿ ರೂಪ ಪಡೆಯಿತು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯ ಅದನ್ನು ಮುಂದೆ ಬೆಳೆಸಿತು. 2007ರಲ್ಲಿ ಗೂಗಲ್ ತನ್ನ ಸ್ಟ್ರೀಟ್ ವ್ಯೂ ಸೇವೆ ತೆರೆದಾಗ ಜನಸಾಮಾನ್ಯರಿಗೆ ಇದರ ಪರಿಚಯವಾಯಿತು.

ಇದರ ಒಳಗುಟ್ಟು ಸರಳ. ಯಂತ್ರ ಒಂದು ಬಿಂದುವನ್ನು ಅಳೆಯಬೇಕಾದರೆ ಮೂರು ಪ್ರಶ್ನೆಗಳಿಗೆ ಒಂದೇ ಕ್ಷಣದಲ್ಲಿ ಉತ್ತರ ಬೇಕು. ಈ ಕ್ಷಣ ನಾನು ಎಲ್ಲಿದ್ದೇನೆ? ಯಾವ ಕಡೆಗೆ, ಎಷ್ಟು ವಾಲಿ ನಿಂತಿದ್ದೇನೆ? ಆ ವಸ್ತು ನನ್ನಿಂದ ಎಷ್ಟು ದೂರದಲ್ಲಿದೆ?

ಮೊದಲ ಪ್ರಶ್ನೆಗೆ ಉಪಗ್ರಹಗಳು ಉತ್ತರಿಸುತ್ತವೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಕಳಿಸುವ ಸಂಕೇತ ವಾತಾವರಣವನ್ನು ದಾಟಿ ಬರುವಾಗ ತಡವಾಗುತ್ತದೆ, ಬಾಗುತ್ತದೆ. ಹಾಗಾಗಿ ಬರೀ ಫೋನಿನ ಜಿಪಿಎಸ್ ಬಯಲಿನಲ್ಲಿಯೂ ಸುಮಾರು 5 ಮೀಟರ್ ಅತ್ತಿತ್ತ ಹೇಳುತ್ತದೆ. ಇದನ್ನು ತಿದ್ದಲು ನಿಖರವಾಗಿ ಗೊತ್ತಿರುವ ಜಾಗದಲ್ಲಿ ಒಂದು ಗ್ರಾಹಕವನ್ನು ಶಾಶ್ವತವಾಗಿ ನಿಲ್ಲಿಸುತ್ತಾರೆ. ಅದಕ್ಕೆ ತನ್ನ ನಿಜವಾದ ಸ್ಥಾನ ಗೊತ್ತು. ಉಪಗ್ರಹ ಹೇಳುವ ಸ್ಥಾನ ಎಷ್ಟು ತಪ್ಪಿದೆ ಎಂಬುದನ್ನು ಅದು ಲೆಕ್ಕ ಹಾಕಿ ಸುತ್ತಲಿನ ಉಪಕರಣಗಳಿಗೆ ಕಳಿಸುತ್ತದೆ. ಆಗ ನಿಖರತೆ ಮೀಟರುಗಳಿಂದ ಸೆಂಟಿಮೀಟರುಗಳಿಗೆ ಇಳಿಯುತ್ತದೆ. ಇಂಥ ಶಾಶ್ವತ ಕೇಂದ್ರಗಳ ಜಾಲವನ್ನೇ ಕಾರ್ಸ್ ಎನ್ನುತ್ತಾರೆ. 1767ರಲ್ಲಿ ಹುಟ್ಟಿದ ಸರ್ವೆ ಆಫ್ ಇಂಡಿಯಾ ದೇಶದಲ್ಲಿ ಈ ಜಾಲವನ್ನು ಕಟ್ಟಿದೆ.

ಎರಡನೆಯ ಪ್ರಶ್ನೆಗೆ ಜಡತ್ವ ಮಾಪಕ ಉತ್ತರಿಸುತ್ತದೆ. ವೇಗ ಎಷ್ಟು ಹೆಚ್ಚಿತು, ಎಷ್ಟು ತಿರುಗಿತು, ಎಷ್ಟು ವಾಲಿತು ಎಂಬುದನ್ನು ಅದು ಸೆಕೆಂಡಿಗೆ ನೂರಾರು ಸಲ ಗುರುತಿಸುತ್ತದೆ. ಮರದ ಕೆಳಗೆ ಅಥವಾ ಕಟ್ಟಡಗಳ ನಡುವೆ ಉಪಗ್ರಹ ಮರೆಯಾದಾಗ ಲೆಕ್ಕವನ್ನು ಮುಂದುವರಿಸುವುದು ಇದೇ. ಆದರೆ ಕಣ್ಣು ಮುಚ್ಚಿ ಹೆಜ್ಜೆ ಎಣಿಸುತ್ತ ನಡೆಯುವವನಂತೆ ಇದು ಹೊತ್ತು ಹೋದಂತೆ ದಾರಿ ತಪ್ಪುತ್ತದೆ. ಮತ್ತೆ ಉಪಗ್ರಹ ಸಿಕ್ಕಾಗ ತಿದ್ದಿಕೊಳ್ಳುತ್ತದೆ. ಚಕ್ರದ ಸುತ್ತು ಎಣಿಸುವ ಮಾಪಕವೂ ಜೊತೆಗಿರುತ್ತದೆ.

ಮೂರನೆಯ ಪ್ರಶ್ನೆಗೆ ಲೇಸರ್ ಉತ್ತರಿಸುತ್ತದೆ. ಲೈಡಾರ್ ಎಂಬ ಈ ಉಪಕರಣ ಬೆಳಕಿನ ಮಿಡಿತವನ್ನು ಬಿಟ್ಟು, ಅದು ಗೋಡೆಗೋ ಕಂಬಕ್ಕೋ ಬಡಿದು ಮರಳುವ ಹೊತ್ತನ್ನು ಅಳೆಯುತ್ತದೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ 30 ಸೆಂಟಿಮೀಟರ್ ಚಲಿಸುತ್ತದೆ. ಇಂದಿನ ಉತ್ತಮ ಉಪಕರಣ ಸೆಕೆಂಡಿಗೆ ಹತ್ತು ಲಕ್ಷದಷ್ಟು ಬಿಂದುಗಳನ್ನು ಕೂಡಿಸಬಲ್ಲದು. ಸುತ್ತಲೂ ನೋಡುವ ಕ್ಯಾಮೆರಾಗಳು ಆ ಬಿಂದುಗಳಿಗೆ ಬಣ್ಣ ಮತ್ತು ಗುರುತು ಕೊಡುತ್ತವೆ.

ಈ ಮೂರು ಉತ್ತರಗಳನ್ನು ಹೆಣೆಯುವ ದಾರ ಸಮಯ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ 17 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಗಡಿಯಾರಗಳು ಅಷ್ಟು ತಪ್ಪಿದರೆ ಕಂಬವೂ ಅಷ್ಟು ತಪ್ಪಿದ ಜಾಗದಲ್ಲಿ ನಿಲ್ಲುತ್ತದೆ. ವಾಲುವ ಕೋನದಲ್ಲಿ ಒಂದು ಡಿಗ್ರಿಯ ಹತ್ತನೆಯ ಒಂದು ಪಾಲು ತಪ್ಪಿದರೆ 30 ಮೀಟರ್ ದೂರದ ಗೋಡೆ 5 ಸೆಂಟಿಮೀಟರ್ ಸರಿಯುತ್ತದೆ. ಆದ್ದರಿಂದಲೇ ಜವಾಬ್ದಾರಿಯುತ ತಂತ್ರಜ್ಞರು ಯಂತ್ರದ ಮಾತನ್ನು ಹಾಗೇ ನಂಬುವುದಿಲ್ಲ. ಒಂದೇ ರಸ್ತೆಯಲ್ಲಿ ಎರಡು ಸಲ ಓಡಿಸಿ ಹೋಲಿಸುತ್ತಾರೆ. ಬೇರೆ ವಿಧಾನದಿಂದ ಮೊದಲೇ ಅಳೆದ ನೆಲದ ಗುರುತುಗಳ ಜೊತೆ ತಾಳೆ ನೋಡುತ್ತಾರೆ. ಯಂತ್ರಶಾಸ್ತ್ರವೂ ಸಾಕ್ಷಿಯನ್ನು ಬೇಡುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ನಮ್ಮ ಸೀಮೆಯಲ್ಲಿ ಇದಕ್ಕೆ ವಿಶೇಷ ಪರಿಸ್ಥಿತಿ ಇದೆ. ನಗರದ ಓಣಿಯಲ್ಲಿ ಉಪಗ್ರಹ ಸರಿಯಾಗಿ ಸಿಗುವುದಿಲ್ಲ, ಆದರೆ ಗೋಡೆ ಮೂಲೆಗಳಿವೆ. ಅವುಗಳನ್ನೇ ಗುರುತಾಗಿ ಹಿಡಿದು ಸ್ಥಾನ ಕಂಡುಕೊಳ್ಳುವ ವಿಧಾನಗಳು ಬಂದಿವೆ. ನವಲಗುಂದ ತಾಲ್ಲೂಕಿನ ಬಯಲಿನಲ್ಲಿ ಸ್ಥಿತಿ ತಿರುವುಮುರುವು. ಆಕಾಶ ಪೂರ್ತಿ ತೆರೆದಿದೆ, ಉಪಗ್ರಹಗಳಿಗೆ ಅಡ್ಡಿಯಿಲ್ಲ. ಆದರೆ ಮೈಲುಗಟ್ಟಲೆ ಸಮತಟ್ಟು ಎರಿ ಹೊಲದಲ್ಲಿ ಹಿಡಿದುಕೊಳ್ಳಲು ಗೋಡೆಯಿಲ್ಲ, ಕಂಬವಿಲ್ಲ. ನಗರಕ್ಕಾಗಿ ಬರೆದ ಕಾರ್ಯವಿಧಾನವನ್ನು ಇಲ್ಲಿಗೆ ಹಾಗೇ ತರಲಾಗದು.

3. ಈಗಾಗಲೇ ನಮ್ಮ ಊರಿಗೆ ಬಂದಿರುವ ಅಳತೆಗಳು

ಮೊಬೈಲ್ ಮ್ಯಾಪಿಂಗ್ ದೂರದ ನಗರಗಳ ವಿಷಯ ಎಂದು ಭಾವಿಸುವ ಕಾರಣವಿಲ್ಲ. ಕರ್ನಾಟಕ ಸರ್ಕಾರದ ಭೂಮಿ ಯೋಜನೆ 2000ದ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು, ಅಂದರೆ ಉತಾರಗಳನ್ನು, ಗಣಕಕ್ಕೆ ಏರಿಸಿತು. ಕೈಬರಹದ ಉತಾರ ಹೋಗಿ ಅಚ್ಚಿನ ಉತಾರ ಬಂತು. ಆದರೆ ಅದು ಹೆಸರು ಮತ್ತು ಅಂಕಿಗಳ ದಾಖಲೆ. ಆಕಾರದ ದಾಖಲೆ, ಅಂದರೆ ನಕಾಶೆ, ಆಮೇಲೆ ಬಂತು. ಹಳೆಯ ಗ್ರಾಮ ನಕಾಶೆಗಳನ್ನು ಸ್ಕ್ಯಾನ್ ಮಾಡಿ, ಉಪಗ್ರಹ ಚಿತ್ರದ ಮೇಲೆ ಹೊಂದಿಸಿ, ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಮತ್ತು ಭೂಮಾಪನ ಇಲಾಖೆ ದಿಶಾಂಕ್ ಆ್ಯಪ್ ರೂಪದಲ್ಲಿ ಜನರ ಕೈಗೆ ಕೊಟ್ಟವು. ಈಗ ಹೊಲದಲ್ಲಿ ನಿಂತು ಫೋನು ತೆರೆದರೆ ಸರ್ವೆ ನಂಬರು ಕಾಣುತ್ತದೆ. ಇದು ದೊಡ್ಡ ಉಪಕಾರ. ಯಾವುದು ಯಾರ ಹೊಲವೆಂದು ತಿಳಿಯಲು ಕಚೇರಿಗೆ ಅಲೆಯಬೇಕಾದ ಕಾಲ ಹೋಯಿತು.

ಆದರೆ ಮೊದಲು ಹೇಳಿದ ಸಂಖ್ಯೆಯನ್ನು ಇಲ್ಲಿ ತಂದುಕೊಳ್ಳಿ. ಹಳೆಯ ನಕಾಶೆಯ ಗೆರೆಯೇ ನೆಲದಲ್ಲಿ 4 ಮೀಟರ್ ಅಗಲ. ಫೋನಿನ ತಪ್ಪು 5 ಮೀಟರ್. ಕಾಗದವನ್ನು ಚಿತ್ರದ ಮೇಲೆ ಹೊಂದಿಸುವಾಗ ಆದ ಎಳೆತ ಬೇರೆ. ಆದ್ದರಿಂದ ಈ ಗೆರೆ ಹೊಲವನ್ನು ಗುರುತಿಸಲು ಸಾಕು, ಬದುವನ್ನು ತೀರ್ಮಾನಿಸಲು ಸಾಲದು. ಬದುವಿನ ತಕರಾರಿನಲ್ಲಿ ಫೋನು ಹಿಡಿದು ನಿನ್ನ ಬದು ಇಲ್ಲಿಲ್ಲ, ಅಲ್ಲಿದೆ ಎಂದು ಹೇಳುವುದು ಯಂತ್ರಕ್ಕೂ ಅನ್ಯಾಯ, ನೆರೆಯವನಿಗೂ ಅನ್ಯಾಯ. ಅದಕ್ಕೆ ಹದ್ದುಬಸ್ತೇ ದಾರಿ.

ಎರಡನೆಯದು ಬೆಳೆ ಸಮೀಕ್ಷೆ. ಕೆಲವು ವರ್ಷಗಳಿಂದ ಪ್ರತಿ ಹಂಗಾಮಿನಲ್ಲಿ ಹೊಲ ಹೊಲಕ್ಕೆ ಹೋಗಿ, ಅಲ್ಲೇ ನಿಂತು ಬೆಳೆಯ ಫೋಟೊ ತೆಗೆದು, ಸ್ಥಳದ ಗುರುತಿನೊಂದಿಗೆ ಕಳಿಸುವ ಪದ್ಧತಿ ಬಂದಿದೆ. 2020ರಿಂದ ರೈತರೇ ತಮ್ಮ ಬೆಳೆಯನ್ನು ಆ್ಯಪ್‌ನಲ್ಲಿ ದಾಖಲಿಸಬಹುದು. ಉಳಿದವರ ಹೊಲಗಳಿಗೆ ಊರಿನ ಯುವಕರು ಖಾಸಗಿ ನಿವಾಸಿ ಎಂಬ ನೆಲೆಯಲ್ಲಿ ಹೋಗುತ್ತಾರೆ. ಹೆಸರು, ಹತ್ತಿ, ಗೋವಿನಜೋಳ, ಉಳ್ಳಾಗಡ್ಡಿ, ಕಡಲೆ, ಬಿಳಿಜೋಳ, ಕುಸುಬೆ ಬೆಳೆಯುವ ನಮ್ಮ ಸೀಮೆಗೆ ಈ ದಾಖಲೆಯ ಮಹತ್ವ ಎಷ್ಟೆಂದು ವಿವರಿಸಬೇಕಿಲ್ಲ. ಬೆಂಬಲ ಬೆಲೆಯ ಖರೀದಿ, ಬೆಳೆ ವಿಮೆ, ಮಳೆಹಾನಿಯ ಪರಿಹಾರ, ಎಲ್ಲವೂ ಈ ಒಂದು ನಮೂದಿನ ಮೇಲೆ ನಿಲ್ಲುತ್ತವೆ. ಹೆಸರು ಬಿತ್ತಿದ ಹೊಲದಲ್ಲಿ ಗೋವಿನಜೋಳ ಎಂದು ದಾಖಲಾದರೆ ಆ ಹಂಗಾಮಿನ ವಿಮೆಯೇ ತಕರಾರಿಗೆ ಬೀಳುತ್ತದೆ.

ಇಲ್ಲಿ ತಪ್ಪು ಹುಟ್ಟುವ ಮುಖ್ಯ ಜಾಗ ಯಂತ್ರವಲ್ಲ, ಪೋಡಿಯಾಗದ, ಅಂದರೆ ಹಿಸ್ಸೆ ಅಳೆದು ಬೇರೆ ಮಾಡದ, ಹೊಲ. ಅಣ್ಣತಮ್ಮಂದಿರು ಹಂಚಿಕೊಂಡು ತಲೆಮಾರು ಕಳೆದಿರುತ್ತದೆ. ಉತಾರದಲ್ಲಿ ಮೂರು ಹೆಸರು, ಹೊಲದಲ್ಲಿ ಮೂರು ಬೆಳೆ, ಆದರೆ ನಕಾಶೆಯಲ್ಲಿ ಒಂದೇ ಆಕಾರ. ಎಂಥ ಸೂಕ್ಷ್ಮ ಉಪಗ್ರಹವೂ ಆ ಒಳಗಿನ ಗೆರೆಯನ್ನು ಕಾಣಲಾರದು, ಏಕೆಂದರೆ ಅದು ಇನ್ನೂ ಎಲ್ಲಿಯೂ ಬರೆದಾಗಿಲ್ಲ. ಪೋಡಿಯ ಕೆಲಸ ಮುಗಿಯದೆ ಡಿಜಿಟಲ್ ಅಳತೆಯ ಫಲ ರೈತನ ಮನೆ ಸೇರುವುದಿಲ್ಲ.

ಮೂರನೆಯದು ಸ್ವಾಮಿತ್ವ. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಆರಂಭಿಸಿದ ಈ ಯೋಜನೆಯ ಮೊದಲ ಹಂತದಲ್ಲೇ ಕರ್ನಾಟಕವಿತ್ತು. ಹಳೆಯ ಅಳತೆ ಬಿಟ್ಟುಹೋದ ಗಾಂವಠಾಣವನ್ನು ಡ್ರೋನಿನಿಂದ 1:500 ಪ್ರಮಾಣದಲ್ಲಿ ನಕಾಶೆ ಮಾಡಿ, ಮನೆಗಳಿಗೆ ಆಸ್ತಿ ಕಾರ್ಡು ಕೊಡುವುದು ಇದರ ಉದ್ದೇಶ. ಈ ಪ್ರಮಾಣದಲ್ಲಿ ಅರ್ಧ ಮಿಲಿಮೀಟರ್ ಗೆರೆ ನೆಲದಲ್ಲಿ 25 ಸೆಂಟಿಮೀಟರ್ ಮಾತ್ರ. ನಾಲ್ಕು ಮೀಟರಿನಿಂದ ಒಂದು ಗೇಣಿನ ಆಸುಪಾಸಿಗೆ ಬಂದಿದ್ದೇವೆ.

ಆದರೆ ನನಗೆ ಸ್ವಾಮಿತ್ವದಲ್ಲಿ ಹಿಡಿಸಿದ್ದು ಡ್ರೋನಿಗಿಂತ ಮೊದಲು ನಡೆಯುವ ಕೆಲಸ. ಡ್ರೋನು ಹಾರುವ ಮುನ್ನ ಪಂಚಾಯಿತಿಯವರು, ಭೂಮಾಪಕರು, ಮನೆಯವರು ಸೇರಿ ಪ್ರತಿ ಆಸ್ತಿಯ ಗಡಿಗೆ ಸುಣ್ಣದ ಗೆರೆ ಎಳೆಯಬೇಕು. ಡ್ರೋನು ಚಿತ್ರ ತೆಗೆಯುವುದು ಆ ಸುಣ್ಣದ ಗೆರೆಯನ್ನು. ಆಮೇಲೆ ಕರಡು ನಕಾಶೆಯನ್ನು ಪ್ರಕಟಿಸಿ ತಕರಾರು ಕೇಳಬೇಕು. ಹಳೆಯ ಪಂಚನಾಮೆಯ ತತ್ವ ಹೊಸ ಯಂತ್ರದೊಳಗೆ ಬಂದು ಕೂತಿರುವುದು ಇಲ್ಲಿ. ಸುಣ್ಣ ಹಾಕುವ ದಿನ ಮನೆಯವರು ಕೂಲಿಗೆ ಹೋಗಿದ್ದರೆ, ಹೊರಗಿನ ಊರಲ್ಲಿ ದುಡಿಯುತ್ತಿದ್ದರೆ, ವಿಧವೆಯ ಮನೆಯ ಗಡಿಯನ್ನು ಬೇರೆಯವರು ತೋರಿಸಿದರೆ, ಡ್ರೋನು ಆ ತಪ್ಪನ್ನೂ ಅಷ್ಟೇ ನಿಖರವಾಗಿ ದಾಖಲಿಸುತ್ತದೆ.

4. ಎತ್ತರದ ಪ್ರಶ್ನೆ ಮತ್ತು ಬೆಣ್ಣಿಹಳ್ಳ

ಈವರೆಗೆ ಉದ್ದಗಲದ ಮಾತಾಯಿತು. ಯಮನೂರಿನ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಎತ್ತರದ್ದು, ಏಕೆಂದರೆ ನಾವು ಬೆಣ್ಣಿಹಳ್ಳದ ದಂಡೆಯಲ್ಲಿದ್ದೇವೆ. ಶಿಗ್ಗಾಂವ ತಾಲ್ಲೂಕಿನ ದುಂಡಶಿಯ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳನ್ನು ಹಾಯ್ದು ಮಲಪ್ರಭೆಯನ್ನು ಸೇರುವ ಈ ಹಳ್ಳ ನಮ್ಮೂರಿನ ಚಾಂಗದೇವನ ಜಾತ್ರೆಗೆ ಬರುವ ಸಾವಿರಾರು ಭಕ್ತರು ಮೀಯುವ ಹಳ್ಳ. ಮಳೆಗಾಲದಲ್ಲಿ ಅದೇ ಹಳ್ಳ ದಂಡೆ ಮೀರಿ ಎರಡೂ ಬದಿಯ ಎರಿ ಹೊಲಗಳ ಮೇಲೆ ಹಬ್ಬುತ್ತದೆ. 2009 ಮತ್ತು 2019ರ ನೆರೆಗಳನ್ನು ಕಂಡವರು ಈ ಸಭೆಯಲ್ಲಿದ್ದೀರಿ.

ಇಳಿಜಾರು ತೀರ ಕಡಿಮೆ ಇರುವ ನೆಲದಲ್ಲಿ ನೀರು ಎಲ್ಲಿಗೆ ಹಬ್ಬುತ್ತದೆ ಎಂಬುದನ್ನು ಅಡಿಯ ಭಾಗಗಳು ತೀರ್ಮಾನಿಸುತ್ತವೆ. ರಸ್ತೆಯ ಏರಿ ಅರ್ಧ ಅಡಿ ಎತ್ತರವಾದರೆ ಒಂದು ಬದಿಯ ಹೊಲ ಉಳಿಯುತ್ತದೆ, ಇನ್ನೊಂದು ಬದಿಯ ಹೊಲ ಕೆರೆಯಾಗುತ್ತದೆ. ಸೇತುವೆಯ ಕಂಡಿ ಹೂಳಿನಿಂದ ಕಿರಿದಾದರೆ ಮೇಲಿನ ಊರಿಗೆ ನೀರು ಒತ್ತುತ್ತದೆ. ಸಾಮಾನ್ಯ ಉಪಗ್ರಹ ಚಿತ್ರಗಳಿಂದ ಸಿಗುವ ಎತ್ತರದಲ್ಲಿ ಮೀಟರುಗಳ ತಪ್ಪು ಇರುವುದರಿಂದ ಈ ಪ್ರಶ್ನೆಗೆ ಅವು ಉತ್ತರಿಸಲಾರವು. ರಸ್ತೆಯ ಮೇಲೆ ಓಡುವ ಲೈಡಾರ್ ವಾಹನ ಉತ್ತರಿಸಬಲ್ಲದು. ಹಳ್ಳವನ್ನು ದಾಟುವ ಪ್ರತಿ ರಸ್ತೆ, ಪ್ರತಿ ಸೇತುವೆ, ಪ್ರತಿ ಏರಿಯ ಎತ್ತರವನ್ನು ಅದು ಸೆಂಟಿಮೀಟರ್ ಲೆಕ್ಕದಲ್ಲಿ ಕೊಡಬಲ್ಲದು. ಮೊಬೈಲ್ ಮ್ಯಾಪಿಂಗಿನಿಂದ ನಮ್ಮ ಸೀಮೆಗೆ ಆಗಬಹುದಾದ ಅತಿ ದೊಡ್ಡ ಪ್ರಯೋಜನ ಇದೇ ಎಂದು ನಾನು ತಿಳಿದಿದ್ದೇನೆ.

ಇದಕ್ಕೆ ಮೂರು ಎಚ್ಚರಿಕೆಗಳು ಬೇಕು. ಮೊದಲನೆಯದು, ಉಪಗ್ರಹ ಹೇಳುವ ಎತ್ತರ ಗಣಿತದಿಂದ ಕಲ್ಪಿಸಿಕೊಂಡ ನುಣುಪಾದ ಗೋಲದಿಂದ ಎಣಿಸಿದ್ದು. ನೀರು ಹರಿಯುವುದು ಭೂಮಿಯ ಸೆಳೆತಕ್ಕೆ ತಕ್ಕಂತೆ. ಇವೆರಡರ ನಡುವಿನ ಅಂತರ ದಕ್ಷಿಣ ಭಾರತದಲ್ಲಿ ಹತ್ತಾರು ಮೀಟರುಗಳಷ್ಟು, ಅದೂ ಜಾಗದಿಂದ ಜಾಗಕ್ಕೆ ಬೇರೆ. ಆ ಅಂತರವನ್ನು ಸರಿಯಾಗಿ ಕಳೆಯದಿದ್ದರೆ ನಕಾಶೆಯ ಮೇಲೆ ನೀರು ಏರಿನ ಕಡೆಗೆ ಹರಿಯುವಂತೆ ತೋರೀತು.

ಎರಡನೆಯದು ಹಳ್ಳದ ಪಾತ್ರ. ಅಲ್ಲಿ ಜಾಲಿ ದಟ್ಟವಾಗಿ ಬೆಳೆದಿದೆ. ಲೇಸರ್ ಜಾಲಿಯ ತಲೆಯನ್ನು ಅಳೆದು ಅದನ್ನೇ ನೆಲವೆಂದು ತಿಳಿಯಬಹುದು. ಕೊಂಬೆಗಳ ಸಂದಿನಿಂದ ಇಳಿದು ನೆಲ ಮುಟ್ಟಿ ಬಂದ ಬಿಂದುಗಳನ್ನು ಬೇರ್ಪಡಿಸಬೇಕು. ಸಾಮಾನ್ಯ ಲೇಸರ್ ನೀರಿನೊಳಗೆ ಹೋಗುವುದಿಲ್ಲವಾದ್ದರಿಂದ ನಿಂತ ನೀರಿನ ಕೆಳಗಿನ ಹೂಳನ್ನು ಮನುಷ್ಯರೇ ಇಳಿದು ಅಳೆಯಬೇಕು.

ಮೂರನೆಯದು ಕಾಲ. ಮಳೆ ಬಿದ್ದ ಎರಿಯಲ್ಲಿ ವಾಹನ ಹೋಗದು. ಜೋಳ ಎದ್ದು ನಿಂತ ಹೊಲದಲ್ಲಿ ಬದು ಕಾಣದು. ಹಿಂಗಾರಿ ಒಕ್ಕಣೆ ಮುಗಿದ ಮೇಲೆ ಮುಂಗಾರಿ ಮಳೆ ಬೀಳುವ ಮೊದಲು, ಹೊಲ ಬೋಳಾಗಿ ಬದು ಎದ್ದು ಕಾಣುವ ದಿನಗಳೇ ಈ ಸೀಮೆಯ ಅಳತೆಯ ಕಾಲ. ಆಗಲೂ ಎರಿ ಬಿರುಕು ಬಿಟ್ಟಿರುತ್ತದೆ. ಒಣಗಿದಾಗ ಕುಗ್ಗಿ ನೆನೆದಾಗ ಉಬ್ಬುವ ಈ ಮಣ್ಣು ಬಾಂದುಕಲ್ಲನ್ನೂ ವಾಲಿಸುತ್ತದೆ, ರಸ್ತೆಯನ್ನೂ ಎಬ್ಬಿಸುತ್ತದೆ. ಹಾಗಾಗಿ ಇಲ್ಲಿ ಒಂದು ಸಲದ ಅಳತೆ ಶಾಶ್ವತವಲ್ಲ. ದಿನಾಂಕ ಬರೆಯದ ಎತ್ತರಕ್ಕೆ ಎರಿ ಭೂಮಿಯಲ್ಲಿ ಬೆಲೆಯಿಲ್ಲ.

ಊರಿನ ಹಿರಿಯರಿಗೆ ಗೊತ್ತಿರುವ ಗುರುತುಗಳೂ ಈ ಅಳತೆಯ ಭಾಗವಾಗಬೇಕು. ಯಾವ ವರ್ಷ ನೀರು ಯಾವ ಕಟ್ಟೆಯವರೆಗೆ ಬಂತು, ಯಾವ ಗೋಡೆಯಲ್ಲಿ ತೇವ ಎಷ್ಟು ಏರಿತು ಎಂಬುದನ್ನು ಅವರು ಬೆರಳಿಟ್ಟು ತೋರಿಸಬಲ್ಲರು. ಆ ಬೆರಳಿಟ್ಟ ಜಾಗದ ಎತ್ತರವನ್ನು ಉಪಕರಣದಿಂದ ಅಳೆದರೆ ನೆರೆಯ ಲೆಕ್ಕಾಚಾರವನ್ನು ಒರೆಗೆ ಹಚ್ಚಲು ಅದಕ್ಕಿಂತ ಉತ್ತಮ ಆಧಾರವಿಲ್ಲ.

5. ದಾಖಲೆ ತಪ್ಪಿದರೆ ಏನಾಗುತ್ತದೆ

ಸ್ಥಳದ ಮಾಹಿತಿ ಎಂಬುದು ಬರೀ ತಾಂತ್ರಿಕ ವಿಷಯವಲ್ಲ ಎಂಬುದನ್ನು ಈ ನೆಲಕ್ಕೆ ಯಾರೂ ಕಲಿಸಬೇಕಿಲ್ಲ. ಮಲಪ್ರಭೆಯ ಕಾಲುವೆಗಳು ಬಂದಾಗ ಕಾಗದದ ಮೇಲೆ ಅಚ್ಚುಕಟ್ಟು ಎಂದು ಗುರುತಾದ ಭೂಮಿಗೆ ಬೆಟರ್‌ಮೆಂಟ್ ಲೆವಿ ಎಂಬ ಕರ ಬಂತು. ಕಾಲುವೆಯ ಕೊನೆಯಂಚಿನ ಹೊಲಗಳಿಗೆ ನೀರು ಮುಟ್ಟಿರಲಿಲ್ಲ, ಕರ ಮಾತ್ರ ಮುಟ್ಟಿತ್ತು ಎಂಬುದು ರೈತರ ದೂರು. 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದದಲ್ಲಿ ಆ ದೂರು ಬಂಡಾಯವಾಗಿ ಸಿಡಿಯಿತು, ಪ್ರಾಣಗಳು ಹೋದವು. ಆ ದಿನವನ್ನು ಇಂದಿಗೂ ರೈತ ಹುತಾತ್ಮರ ದಿನವಾಗಿ ನೆನೆಯುತ್ತೇವೆ. ಆ ಹೋರಾಟಕ್ಕೆ ಅನೇಕ ಕಾರಣಗಳಿದ್ದವು. ಆದರೆ ನನ್ನ ವಿಷಯಕ್ಕೆ ಬೇಕಾದ ಪಾಠ ಒಂದಿದೆ. ಯಾವ ಹೊಲಕ್ಕೆ ನೀರು ಬರುತ್ತದೆ, ಯಾವುದಕ್ಕೆ ಇಲ್ಲ ಎಂಬ ಸ್ಥಳದ ಸತ್ಯ ಕಚೇರಿಯ ಕಡತದಲ್ಲಿ ಒಂದಾಗಿ, ನೆಲದ ಮೇಲೆ ಇನ್ನೊಂದಾಗಿ ಇದ್ದರೆ ಕೆಟ್ಟ ಆಡಳಿತಕ್ಕೆ ಕಾಗದವೇ ಅಸ್ತ್ರವಾಗುತ್ತದೆ.

ಇಂದು ಆ ಸತ್ಯವನ್ನು ದಾಖಲಿಸುವ ಉಪಕರಣ ರೈತರ ಜೇಬಿನಲ್ಲಿಯೇ ಇದೆ. ಕಾಲುವೆಯ ಯಾವ ತೂಬಿಗೆ ಯಾವ ದಿನ ನೀರು ಬಂತು, ಹೊಲಗಾಲುವೆ ಎಲ್ಲಿ ಒಡೆದಿದೆ, ಎಲ್ಲಿ ಹೂಳಿದೆ ಎಂಬುದನ್ನು ದಿನಾಂಕ ಮತ್ತು ಸ್ಥಳದೊಂದಿಗೆ ಊರಿನವರೇ ದಾಖಲಿಸಿ ಇಡಬಹುದು. ಮೇಲಿನಿಂದ ಬರುವ ಅಳತೆಗೆ ಎದುರಾಗಿ ನಿಲ್ಲಬಲ್ಲ ಕೆಳಗಿನ ಅಳತೆ ಅದು.

ಚಕ್ಕಡಿ ದಾರಿಗಳ ಪ್ರಶ್ನೆಯೂ ಇದೇ ಜಾತಿಯದು. ಹಳೆಯ ಗ್ರಾಮ ನಕಾಶೆಗಳಲ್ಲಿ ಬಂಡಿದಾರಿ ಮತ್ತು ಕಾಲುದಾರಿಗಳಿಗೆ ಚುಕ್ಕಿಗೆರೆಗಳಿವೆ. ಎಷ್ಟೋ ದಾರಿಗಳು ನಕಾಶೆಯಲ್ಲಿ ಉಳಿದು ನೆಲದಲ್ಲಿ ಉತ್ತುಹೋಗಿವೆ. ಇನ್ನೆಷ್ಟೋ ದಾರಿಗಳು ತಲೆಮಾರುಗಳಿಂದ ಬಳಕೆಯಲ್ಲಿದ್ದೂ ನಕಾಶೆಯಲ್ಲಿಲ್ಲ. ಮಳೆಯಾದ ಮೇಲೆ ಎರಿಯ ದಾರಿಯಲ್ಲಿ ಪೀಕು ಮನೆಗೆ ತರುವ ಕಷ್ಟ ತಮಗೆ ಗೊತ್ತು. ಹೊಲದ ದಾರಿಗಳನ್ನು ಕಟ್ಟುವ ಸರ್ಕಾರದ ಯೋಜನೆಗಳು ಇವೆ. ಯಾವ ದಾರಿ ಎಷ್ಟು ಹೊಲಗಳಿಗೆ ಬೇಕು, ಎಲ್ಲಿ ನೀರು ನಿಲ್ಲುತ್ತದೆ ಎಂಬುದು ಟ್ರ್ಯಾಕ್ಟರಿನ ಮೇಲೆ ಒಂದು ಸಾಧಾರಣ ಉಪಕರಣ ಇಟ್ಟು ಸುತ್ತಿದರೂ ದಾಖಲಾಗುತ್ತದೆ. ದನ ಮೇಯುವ ಗಾಯರಾಣ, ಕೆರೆ, ಸ್ಮಶಾನ, ಹಳ್ಳದ ಅಂಚು, ಇವು ಯಾರ ಹೆಸರಿನಲ್ಲೂ ಇಲ್ಲದ್ದರಿಂದ ಇವುಗಳ ಗಡಿ ಕಾಯಲು ಯಾರೂ ಬರುವುದಿಲ್ಲ. ಅಂತರ್ಜಲ ಉಪ್ಪಾಗಿರುವ ನಮ್ಮ ಸೀಮೆಯಲ್ಲಿ ಕುಡಿಯುವ ನೀರಿನ ಕೆರೆಯೆಂದರೆ ಜೀವ. ಹೊಸ ಅಳತೆ ಮೊದಲು ನಡೆಯಬೇಕಾದದ್ದು ಈ ಎಲ್ಲರ ಜಾಗಗಳಲ್ಲಿ.

6. ಮಾಹಿತಿ ಯಾರ ಸ್ವತ್ತು

ರಸ್ತೆಯಲ್ಲಿ ಓಡುವ ಕ್ಯಾಮೆರಾ ರಸ್ತೆಯನ್ನಷ್ಟೇ ನೋಡುವುದಿಲ್ಲ. ಅಂಗಳವನ್ನೂ ಕಟ್ಟೆಯ ಮೇಲೆ ಕೂತವರನ್ನೂ ನೋಡುತ್ತದೆ. 2011ರಲ್ಲಿ ಬೆಂಗಳೂರಿನಲ್ಲಿ ಗೂಗಲ್ ಆರಂಭಿಸಿದ್ದ ಬೀದಿ ಚಿತ್ರಣವನ್ನು ಪೊಲೀಸರು ನಿಲ್ಲಿಸಿದ್ದರು. ಭದ್ರತೆಯ ಪ್ರಶ್ನೆ ಎದ್ದಿತ್ತು. 2021ರ ಫೆಬ್ರುವರಿ 15ರಂದು ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ಹೊರಡಿಸಿತು. ನಕಾಶೆ ಮಾಡಲು ಪೂರ್ವಾನುಮತಿ ಬೇಕೆಂಬ ಹಳೆಯ ಕಟ್ಟುಪಾಡು ಭಾರತೀಯ ಸಂಸ್ಥೆಗಳಿಗೆ ಬಹುಮಟ್ಟಿಗೆ ಹೋಯಿತು. ನೆಲದ ಮೇಲಿನ ಮೊಬೈಲ್ ಮ್ಯಾಪಿಂಗ್ ಮತ್ತು ಬೀದಿ ಚಿತ್ರಣವನ್ನು, ನಿಖರತೆ ಎಷ್ಟೇ ಇರಲಿ, ಭಾರತೀಯ ಸಂಸ್ಥೆಗಳು ಮಾತ್ರ ಮಾಡಬೇಕೆಂದು ಅದು ವಿಧಿಸಿತು. 2022ರಲ್ಲಿ ಭಾರತೀಯ ಕಂಪನಿಗಳ ಮೂಲಕ ಬೀದಿ ಚಿತ್ರಣ ಬೆಂಗಳೂರೂ ಸೇರಿದಂತೆ ಹತ್ತು ನಗರಗಳಿಗೆ ಮರಳಿತು. ಅದೇ ವರ್ಷ ರಾಷ್ಟ್ರೀಯ ಭೂಸ್ಥಳೀಯ ನೀತಿ ಬಂತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಗೆ ಅಂಕಿತ ಬಿತ್ತು.

ಈ ಕಾನೂನುಗಳು ದೇಶದ ಭದ್ರತೆಯನ್ನೂ ಉದ್ಯಮದ ಅನುಕೂಲವನ್ನೂ ನೋಡುತ್ತವೆ, ವ್ಯಕ್ತಿಯ ಗೋಪ್ಯತೆಯನ್ನು ಸ್ವಲ್ಪಮಟ್ಟಿಗೆ ನೋಡುತ್ತವೆ. ಆದರೆ ಊರು ಎಂಬ ಘಟಕ ಇವುಗಳಲ್ಲಿ ಗಟ್ಟಿಯಾಗಿ ಕಾಣುವುದಿಲ್ಲ. ಊರನ್ನು ಅಳೆದವರು ಅದರ ಪ್ರತಿಯನ್ನು ಊರಿಗೆ ಕೊಡಬೇಕು, ಓದುವ ಭಾಷೆಯಲ್ಲಿ ಕೊಡಬೇಕು, ತಿದ್ದುವ ಹಕ್ಕಿನೊಂದಿಗೆ ಕೊಡಬೇಕು ಎಂಬ ತತ್ವ ಇನ್ನೂ ಸ್ಥಾಪನೆಯಾಗಬೇಕಿದೆ. ಸಾರ್ವಜನಿಕ ಹಣದಿಂದ ನಡೆದ ಅಳತೆ ಸಾರ್ವಜನಿಕರದ್ದು. ಇದರಲ್ಲಿ ರಾಜಿಗೆ ಅವಕಾಶವಿರಬಾರದು.

7. ಮಾಡಬೇಕಾದದ್ದು

ಸಭಿಕರೇ, ಈ ವಿಚಾರಗಳ ಸಾರವಾಗಿ ನಾಲ್ಕು ಕೆಲಸಗಳನ್ನು ತಮ್ಮ ಮುಂದಿಡುತ್ತೇನೆ.

ಒಂದು, ಊರಿನಲ್ಲಿ ಯಾವ ಡಿಜಿಟಲ್ ಅಳತೆ ನಡೆದರೂ ಮೊದಲು ಡಂಗುರ ಸಾರಿ ಹೇಳಬೇಕು. ಕೂಲಿಯವರು ಮನೆಯಲ್ಲಿರುವ ದಿನ ಮತ್ತು ಹೊತ್ತನ್ನು ನೋಡಿ ನಿಗದಿ ಮಾಡಬೇಕು. ಅಳೆದ ಮೇಲೆ ಕರಡನ್ನು ಗ್ರಾಮಸಭೆಯಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ ತೂಗುಹಾಕಿ, ಓದಿ ಹೇಳಿ, ತಕರಾರು ಬರೆದುಕೊಳ್ಳಬೇಕು.

ಎರಡು, ಪ್ರತಿ ನಕಾಶೆಯ ಮೇಲೆ ಯಾವಾಗ ಅಳೆದದ್ದು, ಯಾವುದರಿಂದ ಅಳೆದದ್ದು, ಎಷ್ಟು ತಪ್ಪಿರಬಹುದು ಎಂಬ ಮೂರನ್ನೂ ಕನ್ನಡದಲ್ಲಿ ಬರೆಯಬೇಕು. ತನ್ನ ತಪ್ಪಿನ ಮಿತಿಯನ್ನು ಹೇಳದ ನಕಾಶೆಯನ್ನು ಯಾವ ಕಚೇರಿಯೂ ಪುರಾವೆಯಾಗಿ ಹಿಡಿಯಬಾರದು.

ಮೂರು, ಬೆಣ್ಣಿಹಳ್ಳವನ್ನು ಹುಟ್ಟಿನಿಂದ ಸಂಗಮದವರೆಗೆ ಒಂದೇ ಜೀವವೆಂದು ತಿಳಿದು ಎತ್ತರದ ಅಳತೆ ನಡೆಯಬೇಕು. ತಾಲ್ಲೂಕಿನ ಗಡಿಗೆ ನಿಲ್ಲುವ ಅಳತೆಯಿಂದ ಹಳ್ಳದ ನೀರು ತಿಳಿಯುವುದಿಲ್ಲ. ಮೇಲಿನವರು ಕಟ್ಟಿದ ಏರಿ ಕೆಳಗಿನವರ ನೆರೆಯಾಗುತ್ತದೆ.

ನಾಲ್ಕು, ನಮ್ಮ ಪ್ರೌಢಶಾಲೆ, ಕಾಲೇಜುಗಳ ಮಕ್ಕಳಿಗೆ ನಕಾಶೆ ಓದುವುದನ್ನು ಕಲಿಸಬೇಕು. ಟಿಪ್ಪಣಿ ಓದಲು ಬಲ್ಲವರು ಊರಿಗೊಬ್ಬರಾದರೂ ಇದ್ದ ಕಾಲವಿತ್ತು. ಇಂದು ಫೋನು ಎಲ್ಲರ ಕೈಯಲ್ಲಿದೆ, ಆದರೆ ಅದು ತೋರಿಸುವ ಗೆರೆಯನ್ನು ಪ್ರಶ್ನಿಸುವ ವಿದ್ಯೆ ಇಲ್ಲ. ನಾಗರಿಕರಿಗೆ ಪ್ರಮಾಣ ಎಂದರೇನು, ನಿಖರತೆ ಎಂದರೇನು ಎಂಬುದು ಗೊತ್ತಿರಬೇಕು. ಈ ವಿದ್ಯೆ ಇದ್ದವನಿಗೆ ಯಂತ್ರ ಸಹಾಯಕ, ಇಲ್ಲದವನಿಗೆ ಅದೇ ಯಜಮಾನ.

ಹೊಸ ತಂತ್ರಜ್ಞಾನವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಸರಪಳಿಯ ಕಾಲಕ್ಕೆ ಮುಟ್ಟಲಾಗದ ಮನೆಗಳನ್ನು ಅದು ಮುಟ್ಟಿದೆ. ನೆರೆಯ ನೀರು ಬರುವ ಮೊದಲೇ ಅದರ ದಾರಿಯನ್ನು ತೋರಿಸುವ ಶಕ್ತಿ ಅದಕ್ಕಿದೆ. ಆದರೆ ಯಂತ್ರ ಒಂದು ಬಿಂದು ಎಲ್ಲಿದೆ ಎಂದು ಹೇಳಬಲ್ಲದೇ ಹೊರತು ಅದು ಯಾರದು, ಯಾಕೆ ಅವರದು ಎಂದು ಹೇಳಲಾರದು. ಆ ಮಾತನ್ನು ಹೇಳಬೇಕಾದವರು ಆ ನೆಲದಲ್ಲಿ ಬಾಳುವ ಜನ. ಅವರು ನಿಂತು ನೋಡಿ, ಓದಿ ತಿಳಿದು, ಒಪ್ಪಿದ ಅಥವಾ ತಿದ್ದಿಸಿದ ಅಳತೆಯೇ ಊರಿನ ಅಳತೆ. ಮುಂದೆ ಯಮನೂರಿನ ನೆಲದ ಮೇಲೆ ಯಾವ ಯಂತ್ರ ಓಡಿದರೂ, ಹಾರಿದರೂ, ಅದರ ಅಳತೆಯ ಕೆಳಗೆ ಯಮನೂರಿನವರ ಸಹಿ ಇರಲಿ ಎಂದು ಹಾರೈಸಿ, ಇದಕ್ಕಾಗಿ ದುಡಿಯಬೇಕೆಂದು ತಮ್ಮೆಲ್ಲರಲ್ಲಿ ಕೇಳಿಕೊಂಡು, ನನ್ನ ಉಪನ್ಯಾಸವನ್ನು ಮುಗಿಸುತ್ತೇನೆ.